ಉಪ್ಪಿಗೆ ಯಾರ ಬಾಗಿಲು

ಗಲೀಸಿಯಾದ ಈ ಅಳಿವೆಯಲ್ಲಿ ನೀರು ಹಿಂದೆ ಸರಿದಾಗ
ನಲವತ್ತೊಂದು ಹೆಂಗಸರು ಕಪ್ಪೆಚಿಪ್ಪು ಕೆದಕಲು ಇಳಿಯುತ್ತಾರೆ.
ಒಬ್ಬೊಬ್ಬರನ್ನೂ ಕೇಳಿದೆ:
ಉಪ್ಪು ಮುಗಿದರೆ ಯಾರ ಬಾಗಿಲು ತಟ್ಟುತ್ತೀರಿ?
ಜ್ವರ ಬಂದರೆ ನಿಮ್ಮ ಬುಟ್ಟಿ ಹೊರುವವರು ಯಾರು?

ಹೆಸರಿಗೊಂದು ಗಂಟು, ನಂಟಿಗೊಂದು ಎಳೆ.
ಪರದೆಯ ತುಂಬ ದಡಕ್ಕೆಸೆದ ಹಳೇ ಬಲೆ.

ಅತಿ ಹೆಚ್ಚು ದಾರಿ ಹಾಯುವ ಎಳೆ ಯಾವುದೋ
ಅದನ್ನೇ ಮೊದಲು ಕತ್ತರಿಸು, ಲೆಕ್ಕದ ನಿಯಮ ಇಷ್ಟೇ.
ಕತ್ತರಿಸಿದೆ. ಮತ್ತೆ ಎಣಿಸಿದೆ. ಮತ್ತೆ ಕತ್ತರಿಸಿದೆ.
ಹದಿನೇಳನೆಯದಕ್ಕೆ ಸಿಕ್ಕು ಸಡಿಲಿ
ಊರು ಎರಡು ಹೋಳು: ನೀಲಿ, ಕೆಂಪು.

ಬೀದಿಯಲ್ಲ, ವಯಸ್ಸಲ್ಲ, ರಕ್ತವೂ ಅಲ್ಲ;
ಒಬ್ದುಲಿಯಾ ನೀಲಿ, ಒಡಹುಟ್ಟಿದ ಎರ್ಮಿನಿಯಾ ಕೆಂಪು.
ಏನೋ ಕಂಡುಹಿಡಿದೆನೆಂದು ಬೀಗಿ
ಮನೆಯೊಡತಿ ದೊಸಿಂದಾಗೆ ಹಾಳೆ ತೋರಿಸಿದೆ.

ಕೈ ಒರೆಸಿಕೊಂಡಳು. ಕನ್ನಡಕ ಹುಡುಕಲಿಲ್ಲ.
"ಎಣ್ಣೆಹಡಗು ಒಡೆದ ವರ್ಷ
ಕಂಪನಿಯ ಕಾಗದಕ್ಕೆ ಸಹಿ ಹಾಕಿದವರು, ಹಾಕದವರು.
ಇದಕ್ಕೆ ಯಂತ್ರ ಬೇಕಿತ್ತೆ?"

ನಿಮ್ಮ ಗಂಟು ಮಾತ್ರ ನಿಲ್ಲುತ್ತಿಲ್ಲ, ಅಂದೆ.
ಲೆಕ್ಕ ಓಡಿಸಿದಾಗೊಮ್ಮೆ ನೀಲಿ, ಇನ್ನೊಮ್ಮೆ ಕೆಂಪು.
ದೋಷವೆಂದು ಎರಡು ರಾತ್ರಿ ತಿದ್ದಿದೆ.

"ಸಹಿ ಹಾಕಿದೆ. ಬಂದ ದುಡ್ಡನ್ನು
ಹಾಕದವರ ಒಲೆಗೆ ಸುರಿದೆ.
ಎರಡು ಕಡೆಯವರೂ ಬೈಯುತ್ತಾರೆ, ಇವತ್ತಿಗೂ."

ಮಾತು ಅಷ್ಟಕ್ಕೇ ಬಿಟ್ಟು
ಗೂಡಿನಿಂದ ಡಬ್ಬಿ ಇಳಿಸಿ
ಉಪ್ಪು ತುಂಬಿಸತೊಡಗಿದಳು,
ಒಬ್ಬಳೇ ಇರುವ ಮನೆಗೆ
ಅಷ್ಟೊಂದು.