ತೋಳಿನ ದಾರ

ಗೆದ್ದಲಹಳ್ಳಿಯ ಹಿಂದೆ, ಒಂಬತ್ತನೇ ಮಹಡಿ ಏರುತ್ತಿರುವ
ಕಟ್ಟಡದ ಬುಡದಲ್ಲಿ ನನ್ನ ಮೂವತ್ತೆರಡು ಮನೆಗಳಿವೆ.
ರಿಜಿಸ್ಟರಿನಲ್ಲಿ ವಿಳಾಸದ ಕಾಲಂ ಸಣ್ಣದು.
ನಾನು ಬರೆಯುವುದು: ನೀಲಿ ತಗಡು, ಮೂರನೇ ಸಾಲು,
ನಾಯಿ ಕಟ್ಟಿದ ಕಂಬದಿಂದ ಎಡಕ್ಕೆ.
ಮುಂದಿನ ತಿಂಗಳು ನಾಯಿ ಇರುವುದಿಲ್ಲ.
ಕೆಲವೊಮ್ಮೆ ಸಾಲೂ.

ಹುಲಿಗೆಮ್ಮನ ಶೆಡ್ಡಿನ ಬಾಗಿಲಿಗೆ ಒಂದು ಹಳೇ ಫ್ಲೆಕ್ಸು.
ಯಾರೋ ನಾಯಕರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯ,
ತಲೆಕೆಳಗಾಗಿ.
ಒಳಗೆ ಸಿಮೆಂಟ್ ಚೀಲದ ಮೇಲೆ
ಹುಟ್ಟಿದ ತಾರೀಖು ಗೊತ್ತಿಲ್ಲದ ಮೌನೇಶ.
"ಮೊದಲ್ನೇ ಸ್ಲ್ಯಾಬ್ ಹಾಕಿದ ದಿನ ರೀ ಅಕ್ಕ,
ಮಿಕ್ಸರ್ ಸಪ್ಪಳದಾಗ ಇವ ಅತ್ತದ್ದೇ ಕೇಳಲಿಲ್ಲ."
ಸೈಟ್ ಇಂಜಿನಿಯರನ್ನು ಹಿಡಿದು, ಅವನ ಫೋನಿನಲ್ಲಿ ಹುಡುಕಿಸಿ
ತಾಯಿ ಕಾರ್ಡಿನಲ್ಲಿ ತಾರೀಖು ತುಂಬಿದೆ.
ಕಟ್ಟಡಕ್ಕೂ ಇವನಿಗೂ ಒಂದೇ ವಯಸ್ಸು.
ಅದು ಬೆಳೆದಿದೆ.

ಬ್ಯಾಗಿನಿಂದ ಟೇಪು ತೆಗೆಯುತ್ತೇನೆ. ಕೆಂಪು, ಹಳದಿ, ಹಸಿರು,
ಹೆಬ್ಬಾಳದ ಸಿಗ್ನಲ್ಲನ್ನು ಮಡಚಿ ಕೈಗೆ ಕೊಟ್ಟ ಹಾಗೆ.
ಎಡದೋಳಿಗೆ ಸುತ್ತಿದರೆ ಹಳದಿಯ ಅಂಚು,
ಕೆಂಪಿಗೆ ಎರಡೇ ಗೆರೆ.
ಹುಲಿಗೆಮ್ಮ ಟೇಪು ನೋಡಲಿಲ್ಲ.
ಮಗುವಿನ ಇನ್ನೊಂದು ಕೈ ಎತ್ತಿ ಕರಿದಾರ ತೋರಿಸಿದಳು.
"ನನಗ ಗೊತ್ತದ ರೀ. ಹೋದ ಅಮಾಸಿಗೆ ರಟ್ಟಿಮ್ಯಾಲೆ ಇತ್ತು,
ಈಗ ಮುಂಗೈಗೆ ಜಾರ್ಯದ."
ಹನ್ನೊಂದು ವರ್ಷದಿಂದ ತಾಯಂದಿರಿಗೆ ನಾನು
ಆ ಕೊಳಕು ದಾರ ಕತ್ತರಿಸಿ ಬಿಸಾಡಿ ಅನ್ನುತ್ತಾ ಬಂದವಳು.

ನೀರು ಕುದಿಸಿ ಕುಡಿಸಬೇಕು, ಎಂದೆ.
ನಕ್ಕಳು. "ಯಾವ ಕಟಗೀಲೆ?"
ಸೆಂಟ್ರಿಂಗ್ ಹಲಗೆಯ ತುಂಡು ಸುಟ್ಟರೆ
ಮೇಸ್ತ್ರಿ ಐವತ್ತು ರೂಪಾಯಿ ಹಿಡಿಯುತ್ತಾನೆ.
ಟ್ಯಾಂಕರ್ ಬಂದ ಮಾರನೇ ದಿನ ಭೇದಿ,
ಪೇಂಟಿನ ಡ್ರಮ್ಮಿನ ತಳದಲ್ಲಿ ಇನ್ನೂ ಬಿಳಿ ಗೀರು.
ಎಂಟಕ್ಕೆ ಅವಳು ಮೇಲೆ ಹೋದರೆ, ಏಳು ವರ್ಷದ ಶರಣಮ್ಮ
ಚಹಾದಲ್ಲಿ ಅದ್ದಿದ ಐದು ರೂಪಾಯಿಯ ಬಿಸ್ಕತ್ತು
ತಮ್ಮನ ಬಾಯಿಗಿಟ್ಟು, ತಾನು ಚೂರು ನೆಕ್ಕಿ,
ಅವನನ್ನು ಸೊಂಟಕ್ಕೇರಿಸಿ ಮರಳ ರಾಶಿಗೆ ಕರೆದೊಯ್ಯುತ್ತಾಳೆ.
ಅವಳ ತೋಳನ್ನೂ ಅಳೆದೆ. ಅವಳ ವಯಸ್ಸಿಗೆ ನನ್ನ ಟೇಪು ಸಲ್ಲದು.
"ನಂದು ಯಾವ ಬಣ್ಣ ರೀ?" ಎಂದು ಕೇಳಿದಳು.
ಹಸಿರು, ಎಂದೆ.

ಊರಿಂದ ತಂದ ಡಬ್ಬಿಯಲ್ಲಿ ಶೇಂಗಾ ಇತ್ತು.
ಹುರಿದು, ಖಾರ ಹಾಕದೆ ಕುಟ್ಟಿ, ಮೆತ್ತನೆ ಅನ್ನಕ್ಕೆ
ಒಂದು ಚಮಚ ಎಣ್ಣೆ ಬಿಟ್ಟು ಕಲಸಿ, ಶರಣಮ್ಮನಿಗೆ ತೋರಿಸಿದೆ.
ಅವಳು ಕಲಿತಳು, ಆಟದ ಅಡುಗೆ ಕಲಿತಷ್ಟೇ ಬೇಗ.
ಅಂಗನವಾಡಿ ಟೀಚರ್ ಪಟ್ಟಿ ನೋಡಿ,
ಇವರದು ಯಾದಗಿರಿಯಲ್ಲಿದೆ, ಅಂದರು.
ಮೊಟ್ಟೆ ಯಾವ ಜಿಲ್ಲೆಯದು ಮೇಡಂ, ಎಂದೆ.
ಸಿಟ್ಟಾದರು. ಆಮೇಲೆ ಕೊನೆಯ ಸಾಲಿನಲ್ಲಿ
ಪೆನ್ಸಿಲಿನಿಂದ ಹೆಸರು ಬರೆದುಕೊಂಡರು.

ಗುರುವಾರ ನರ್ಸಮ್ಮನನ್ನು ಕರೆದುಕೊಂಡು ಹೋದೆ.
ಹೆಗಲಲ್ಲಿ ಐಸಿನ ಡಬ್ಬಿ, ಒಂಬತ್ತು ತಿಂಗಳ ದಡಾರದ ಲಸಿಕೆ.
ಮೂರನೇ ಸಾಲಿದ್ದಲ್ಲಿ ಮಟ್ಟ ಮಾಡಿದ ಮಣ್ಣು.
ಒಲೆಯ ಮೂರು ಕಲ್ಲು.
ಯಾರಿಗೂ ಗೊತ್ತಿಲ್ಲ. ಕಾವಲುಗಾರನಿಗೆ
ರಾತ್ರಿ ಲಾರಿ ಬಂದದ್ದು ಮಾತ್ರ ನೆನಪು.
ಪೆನ್ಸಿಲಿನ ಹೆಸರನ್ನು ಟೀಚರ್ ಅಳಿಸಿದರೋ ಇಲ್ಲವೋ,
ಕೇಳುವ ಧೈರ್ಯ ನನಗಾಗಲಿಲ್ಲ.

ಒಂದೂವರೆ ತಿಂಗಳಾದ ಮೇಲೆ, ರಾತ್ರಿ ಹತ್ತಕ್ಕೆ,
ಸಾರಿಗೆ ಒಗ್ಗರಣೆ ಹಾಕುವಾಗ ಗೊತ್ತಿಲ್ಲದ ನಂಬರು.
"ಬೂದಿಗೆರೆ ಕ್ರಾಸ್ ಕಡೆ ಅದೀವಿ ರೀ ಅಕ್ಕ.
ಕಾರ್ಡು ಜ್ವಾಕಿ ಅದ, ಅಕ್ಕಿ ಡಬ್ಬ್ಯಾಗ. ಒಂದು ಸೂಜಿ ಉಳದದ.
ಇಲ್ಲಿ ನಿಮ್ಮಂಥಾಕಿ ಯಾರದಾರ?"
ಆ ಕಡೆಯ ಆಶಾಳ ನಂಬರು ಹುಡುಕುತ್ತಿದ್ದೆ,
ಸಾಸಿವೆ ಕರಕಾಗುತ್ತಿತ್ತು, ಅವಳು ಮತ್ತೆ ಅಂದಳು:
"ದಾರ ಕೊಯ್ದೆ ರೀ. ಚರ್ಮಕ್ಕ ಹತ್ತಿತ್ತು.
ಉದ್ದಂದು ಕಟ್ಟೀನಿ."

ಒಲೆ ಆರಿಸಿ ರಿಜಿಸ್ಟರು ತೆರೆದು ಕೇಳಿದೆ:
ಅಲ್ಲೂ ನೀಲಿ ತಗಡೇ?
"ಇಲ್ಲ ರೀ," ಅಂದಳು, "ಹಸಿರು."