ತಾನೇ ಬರೆದದ್ದು

ಸಪ್ತಾಪುರದ ಝೆರಾಕ್ಸ್ ಅಂಗಡಿಯಲ್ಲಿ
ಪುಟಕ್ಕೊಂದು ರೂಪಾಯಿಯಂತೆ
ಅಟ್ಲಾಂಟಿಕ್ ಸಾಗರ ನೂರಾ ನಲವತ್ತು ರೂಪಾಯಿ ಆಯಿತು.
ಸ್ಪೈರಲ್ ಬೈಂಡಿಂಗಿಗೆ ಮತ್ತೆ ಮೂವತ್ತು.
ಅಂಚಿನ ಅಕ್ಷರಗಳು ಯಂತ್ರದಲ್ಲಿ ಕಪ್ಪಾಗಿ
ಅಲ್ಲಲ್ಲಿ ಹಡಗು ಅರ್ಧವೇ ಬಂದಿತ್ತು.

ಹಂಪಿಹೊಳಿ ಮೇಡಂ ಮೊದಲ ದಿನ ಓದಿಸಿದ್ದು
ಒಂದು ಹಳೆಯ ಜಾಹೀರಾತು:
ಓಡಿಹೋಗಿದ್ದಾನೆ. ವಯಸ್ಸು ಇಪ್ಪತ್ತರ ಆಸುಪಾಸು.
ಎಡಗಿವಿ ಹರಿದಿದೆ. ನೀಲಿ ಅಂಗಿ.
ಪಿಟೀಲು ಬಾರಿಸಬಲ್ಲ. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಾನೆ.
ಹಿಡಿದುಕೊಟ್ಟವರಿಗೆ ಎರಡು ಪೌಂಡು.

ನಾವು ಇಪ್ಪತ್ಮೂರು ಮಂದಿ,
ಇಂಗ್ಲಿಷ್ ಚೆನ್ನಾಗಿ ಮಾತಾಡಲಿಕ್ಕೆಂದೇ ಬಂದವರು,
ಆ ಸಾಲಿಗೆ ಸುಮ್ಮನಾದೆವು.
ಆಮೇಲೆ, ಯಾರು ಮೊದಲೋ ಗೊತ್ತಿಲ್ಲ,
ಒಬ್ಬೊಬ್ಬರಾಗಿ ಕತ್ತು ಹೊರಳಿಸಿ
ಕೊನೆಯ ಬೆಂಚಿನ ರುಜಾರ್ ಸಿದ್ದಿಯನ್ನು ನೋಡಿದೆವು.
ನಾನೂ ನೋಡಿದೆ.
ಅದನ್ನು ಬರೆಯದೆ ಇಲ್ಲಿಂದ ಮುಂದೆ ದಾಟಲಾರೆ.

ಅವನು ಪುಟ ತಿರುವಿದ.

ಕಲಘಟಗಿ ಬಸ್ಸಿನಲ್ಲಿ ಕಂಡಕ್ಟರ್ ಅವನನ್ನು
ಹಿಂದಿಯಲ್ಲಿ ಕೇಳುತ್ತಾನೆ, ಎಲ್ಲಿಗೆಂದು.
"ತಂಬೂರ ಕ್ರಾಸ್ ಒಂದ್ ಕೊಡ್ರಿ ಯಣ್ಣಾ" ಅಂದರೆ
ಇಡೀ ಬಸ್ಸಿಗೆ ಬೆರಗು.
"ಅಬಬ! ಎಷ್ಟ್ ಚೊಲೋ ಕನ್ನಡ ಮಾತಾಡ್ತೀರಿ ನೀವು!"
"ನೀವೂ ಚೊಲೋ ಮಾತಾಡ್ತೀರ್ರೀ" ಅನ್ನುತ್ತಾನಂತೆ.

ಕ್ಯಾಂಟೀನಿನಲ್ಲಿ ನಾನೆಂದೆ:
"ಈ ಪೇಪರು ನಿನ್ನ ಪೇಪರು ಬಿಡು."
ಮಿರ್ಚಿಯ ತೊಟ್ಟು ತಟ್ಟೆಗಿಟ್ಟ.
"ನಮ್ಮ ಸಮುದ್ರ ಬ್ಯಾರೆ, ನೀಲಾ.
ಈ ಕಡೀದು, ಗೋವಾದ ಕಡೀದು.
ಅದು ಸಿಲೆಬಸ್ಸಿನ್ಯಾಗ ಇಲ್ಲ.
ನಮ್ಮೋರು ಯಾರೂ ಬರದಿಟ್ಟಿಲ್ಲ.
ನಮ್ಮಜ್ಜಗ ಡಮಾಮಿ ಬಾರ್ಸೂದು ಗೊತ್ತಿತ್ತು, ಅಷ್ಟ."
ಆಮೇಲೆ ನನ್ನ ಕಡೆ ಬೆರಳು ಮಾಡಿ,
"ನಿಂದ ಐತಿ ನೋಡು ಇದರಾಗ. ಹತ್ತಿ."

ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಹತ್ತಲಿಲ್ಲ.
ಬೆಟಗೇರಿಯ ಜೀನಿನಲ್ಲಿ ಮೂವತ್ತೊಂದು ವರ್ಷ
ನಮ್ಮಜ್ಜಿ ಸಂಕವ್ವ ಅರಳೆಯ ಕಸ ಆರಿಸಿದಳು.
ಅವಳ ಬಾಯಲ್ಲಿ ಹತ್ತಿಗೆ ಎರಡೇ ಜಾತಿ:
ಜವಾರಿ, ಅಮೇರಿಕನ್.
"ಅಮೇರಿಕನ್ನಿಂದು ಎಳಿ ಉದ್ದ.
ಕೆಮ್ಮು ಮಾತ್ರ ಎರಡರದೂ ಒಂದ."
ನೂರೆಂಬತ್ತು ವರ್ಷ ನಮ್ಮ ಎರಿಮಣ್ಣು ಉಂಡು
ಇನ್ನೂ ಅದು ಅಮೇರಿಕನ್.
ಬ್ಯಾಡಗಿ ಮೆಣಸಿನಕಾಯಿಯೂ ಹಡಗು ಹತ್ತಿಯೇ ಬಂದದ್ದು;
ಅದನ್ನು ಯಾರೂ ಯಾವೂರೆಂದು ಕೇಳುವುದಿಲ್ಲ.

ಬೀಜ ಬಂದ ಹಾದಿಯಲ್ಲೇ ಹಿಂದಕ್ಕೆ ನಡೆದರೆ
ಯಾರದೋ ಬೆರಳು, ಕಾಯಿಯ ಮುಳ್ಳು ಗೀರಿದ್ದು.
ಅವರ ಹೆಸರು ಪಟ್ಟಿಯಲ್ಲಿ, ಬೆಲೆಯ ಪಕ್ಕ.
ಅಜ್ಜಿಯ ಹೆಸರು ಮಸ್ಟರ್ ಬುಕ್ಕಿನಲ್ಲಿ, ಹೆಬ್ಬೆಟ್ಟಿನ ಪಕ್ಕ.
ಎರಡೂ ಒಂದೇ ಅಂತ ಬರೆದೆ.
ಹೊಡೆದುಹಾಕಿದೆ.
ಒಂದೇ ಅಲ್ಲ.
ಅಜ್ಜಿ ಸಂಜೆ ಮನೆಗೆ ಬರುತ್ತಿದ್ದಳು
ಸೆರಗಿನ ತುದಿಗೆ ಚುರುಮುರಿ ಕಟ್ಟಿಕೊಂಡು.

ಆ ಕಾಲದ ಆತ್ಮಕಥೆಗಳ ಮೊದಲ ಪುಟದಲ್ಲಿ
ಹೆಸರಿನ ಕೆಳಗೆ ಇನ್ನೊಂದು ಸಾಲು: ತಾನೇ ಬರೆದದ್ದು.
ಯಾಕೆ ಮೇಡಂ?
"ಇಲ್ಲಂದ್ರ ಯಾರ್ ನಂಬ್ತಿದ್ರು?"
ಟಿಪ್ಪಣಿ ಬರೆದುಕೊಂಡೆವು. ಐದು ಅಂಕದ ಪ್ರಶ್ನೆ.

ಮೇ ತಿಂಗಳು. ಮೌಖಿಕ ಪರೀಕ್ಷೆ.
ಹೊರಗಿನಿಂದ ಬಂದ ಪರೀಕ್ಷಕರು
ರುಜಾರನ ಪ್ರಬಂಧವನ್ನು ತೂಗುವಂತೆ ಅಂಗೈಯಲ್ಲಿ ಹಿಡಿದು
ನಾಲ್ಕು ಪುಟ ಓದಿ, ಕನ್ನಡಕ ತೆಗೆದು,
"ಭಾಷೆ ಬಹಳ ಚೆನ್ನಾಗಿದೆ" ಅಂದರು.
"ನೀವೇ ಬರೆದದ್ದೇನು?"

ಮೇಡಂ ಕಿಟಕಿಯ ಕಡೆ ನೋಡಿದರು.
ಸರದಿಗೆ ಬಾಗಿಲಲ್ಲಿ ನಿಂತ ನಾನು
ನನ್ನ ಚಪ್ಪಲಿ ನೋಡಿಕೊಂಡೆ.

ಅವನು ಸಿಟ್ಟಾಗಲಿಲ್ಲ, ನಗಲೂ ಇಲ್ಲ.
"ಪುಟ ಅರವತ್ತೊಂದು ನೋಡ್ರಿ ಸರ್.
ಈ ಪ್ರಶ್ನೆ ಅಲ್ಲೈತಿ."

ಮುಂದಿನವಳು ನಾನು.
ಹತ್ತಿಯ ಬಗ್ಗೆ ಕೇಳಿದರು, ಹೇಳಿದೆ.
ಅಜ್ಜಿಯ ಬಗ್ಗೆ ಕೇಳಿದರು, ಅದನ್ನೂ ಹೇಳಿದೆ.
ಮೂರನೆಯ ಅಧ್ಯಾಯದ ಕೊನೆಯ ಎರಡು ವಾಕ್ಯ
ಬಹಳ ಇಷ್ಟವಾದವೆಂದು ಗಟ್ಟಿಯಾಗಿ ಓದಿದರು.

ಅವು ರುಜಾರ್ ಬರೆದುಕೊಟ್ಟವು.
ನನ್ನನ್ನು ಯಾರೂ ಕೇಳಲಿಲ್ಲ.