ಅರವತ್ತೊಂದನೆಯ ಮನೆ

ನನಗೆ ಸ್ವರಲಿಪಿ ಓದಲು ಬರುವುದಿಲ್ಲ.
ಎರಡು ನೆಟ್ಟನೆ ಗೆರೆಗಳ ನಡುವಿನ ಜಾಗಕ್ಕೆ
ಅವರೇನೋ ಅನ್ನುತ್ತಾರೆ, ನಾನು ಮನೆ ಅನ್ನುತ್ತೇನೆ.
ಹತ್ತೊಂಬತ್ತು ವರ್ಷದಿಂದ ರೀಗಾದ ಈ ಕಚೇರಿಯಲ್ಲಿ
ರಾಷ್ಟ್ರೀಯ ಸಂಯೋಜನಾ ಪ್ರಶಸ್ತಿಯ ಲಕೋಟೆ ಒಡೆಯುವವಳು.
ದೊಡ್ಡದರಲ್ಲಿ ಸಂಗೀತ, ಸಣ್ಣದರಲ್ಲಿ ಹೆಸರು.
ಸಣ್ಣದಕ್ಕೆ ಅರಗು. ತೀರ್ಪಿನ ತನಕ ಮುಟ್ಟುವಂತಿಲ್ಲ.

ಯಾರೂ ತಮ್ಮ ಹೆಸರಲ್ಲಿ ಬರುವುದಿಲ್ಲ.
ಈ ಸಲ ಬಂದವರು: ಒದ್ದೆ ಕೈಗವಸು,
ದೌಗವಾ ನದಿಯ ಎಡದಂಡೆ,
ಮೂವರು ಅನಾಮಿಕರು (ಪ್ರತಿ ವರ್ಷವೂ ಇರುತ್ತಾರೆ),
ಮತ್ತೊಂದು ಈರುಳ್ಳಿ.

ಉಳಿದದ್ದೆಲ್ಲ ಕಂಪ್ಯೂಟರಿನ ಅಚ್ಚು, ಇಸ್ತ್ರಿಯಾದ ಅಂಗಿಯ ಹಾಗೆ.
ಈರುಳ್ಳಿಯದು ಪೆನ್ಸಿಲು.
ಅಂಗೈ ಒರೆಸಿದ ಮಸಿ, ಒಂದು ಪುಟಕ್ಕೆ ಜಿಡ್ಡು.
ಬೆಣ್ಣೆಯಿರಬೇಕು, ಅಥವಾ ಮೀನು.

ಮಾರ್ಚಿನಲ್ಲಿ ಐವರು ತೀರ್ಪುಗಾರರು ಕೂತರು.
ನಡಾವಳಿ ಟೈಪು ಮಾಡುವವಳೂ ನಾನೇ:
ಅರವತ್ತೊಂದರಲ್ಲಿ ಚೆಲ್ಲೋ ಹಿಡಿಯುವ ಆ ಸ್ವರ, ಎಂಥ ಧೈರ್ಯ!
ಇಡೀ ಕೃತಿ ಅಲ್ಲಿ ಕದ ತೆರೆಯುತ್ತದೆ.
ಅಧ್ಯಕ್ಷರು ಎರಡು ಸಲ ಹೇಳಿದರು,
ಎರಡು ಸಲ ಟೈಪು ಮಾಡಿದೆ.

ಅರಗು ಒಡೆದೆ. ಸ್ಕೈದ್ರಿತೆ ಗ್ರಾಂತಿನ್ಯಾ, ಲಿಯೆಪಾಯಾ.
ವಯಸ್ಸು ಐವತ್ತೆಂಟು. ಉದ್ಯೋಗ: ಶಾಲೆಯ ಅಡುಗೆಮನೆ.
ಫೋನಿನಲ್ಲಿ ಹಿಂದೆ ತಪ್ಪಲೆಗಳ ಸದ್ದು.
ಬಹುಮಾನ ಎಂದೆ, ಮೊತ್ತ ಹೇಳಿದೆ,
ಅಕ್ಟೋಬರಿನಲ್ಲಿ ವಾದ್ಯವೃಂದ ನುಡಿಸುತ್ತದೆ ಎಂದೆ.
ಬಹಳ ಹೊತ್ತು ಸುಮ್ಮನಿದ್ದು ಆಕೆ ಕೇಳಿದಳು:
"ತಿದ್ದಬಹುದೇ? ಅರವತ್ತೊಂದರಲ್ಲಿ ಚೆಲ್ಲೋ ತಪ್ಪಾಗಿದೆ.
ಅವತ್ತು ಬಸ್ಸಿಗೆ ಹೊತ್ತಾಗಿತ್ತು."

ನಡಾವಳಿ ಎದುರಿಗೇ ಇತ್ತು, ಸಹಿ ಇನ್ನೂ ಹಸಿ.
ಹೇಳಬಹುದಿತ್ತು.
ಕೂಡದೆಂದು ನಿಯಮದಲ್ಲಿ ಎಲ್ಲೂ ಇಲ್ಲ, ಅಂದೆ.
ಉಂಡವರು ಎಷ್ಟೇ ಹೊಗಳಲಿ,
ಗಂಜಿಗೆ ಉಪ್ಪು ಹೆಚ್ಚಾದದ್ದು ಬೇಯಿಸಿದವಳಿಗೆ ಗೊತ್ತು.

ಹಾಳೆ ತಿರುಗಿ ಬಂತು. ಉಜ್ಜಿ ಉಜ್ಜಿ
ಆ ಮನೆಯಷ್ಟೇ ಸಿಪ್ಪೆಯಂತೆ ತೆಳುವಾಗಿತ್ತು.
ಕಿಟಕಿಗೆ ಹಿಡಿದರೆ ಹೊಸ ಸ್ವರದ ಹಿಂದೆ
ಹಳೆಯದರ ಗುಂಡು ನೆರಳು.

ಅಕ್ಟೋಬರ್. ಅಧ್ಯಕ್ಷರು ಮೂರನೆಯ ಸಾಲು,
ನಾನು ಹತ್ತೊಂಬತ್ತನೆಯದು.
ಮುಂದೆ ಕೂರಲಾರೆನೆಂದು ಸ್ಕೈದ್ರಿತೆ ನನ್ನ ಪಕ್ಕ,
ಹಸಿರು ಕೋಟು ಬಿಚ್ಚದೆ,
ಮೊಣಕಾಲ ಮೇಲೆ ಬೆರಳಲ್ಲಿ ಮನೆ ಎಣಿಸುತ್ತ.
ನಾನೂ ಅವಳ ಬೆರಳನ್ನೇ ಎಣಿಸಿದೆ.
ಐವತ್ತೊಂಬತ್ತು. ಅರವತ್ತು.

ಬೆರಳು ನಿಂತಿತು.
ಅಧ್ಯಕ್ಷರ ತಲೆ ತೂಗಿತೋ ಇಲ್ಲವೋ,
ನಡುವೆ ಯಾರದೋ ಎತ್ತರದ ತುರುಬು.
ಇಷ್ಟೊಂದು ಪಿಟೀಲುಗಳಲ್ಲಿ
ಚೆಲ್ಲೋ ಯಾವುದೆಂದು ಹುಡುಕುವಷ್ಟರಲ್ಲಿ
ಅರವತ್ತೆರಡು ಶುರುವಾಗಿತ್ತು.